ಆಯುಧಪೂಜೆಯ ದಿನ ಬಿಚ್ಚಿದ ಎ.ಸಿ.

ಪೀಣ್ಯದಲ್ಲಿ ಆಯುಧಪೂಜೆಯ ದಿನ ಸ್ಪ್ಯಾನರ್ ಎತ್ತುವವನು ಒಂದೋ ತಲೆಕೆಟ್ಟವನಾಗಿರಬೇಕು, ಇಲ್ಲವೇ ನಿನ್ನೆಯಷ್ಟೇ ಊರಿಗೆ ಬಂದವನಾಗಿರಬೇಕು. ವರ್ಷವಿಡೀ ಕಿವಿ ಕಿತ್ತುಹೋಗುವಂತೆ ಚೀರುವ ಕಾರ್ಖಾನೆಗಳು ಅಂದು ಬಾಳೆಕಂದು ಕಟ್ಟಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಮದುವೆಮನೆಯ ಹಿರಿಯರಂತೆ ತೆಪ್ಪಗೆ ಕೂತಿರುತ್ತವೆ. ಲೇತ್ ಮುಟ್ಟುವ ಹಾಗಿಲ್ಲ, ಸುತ್ತಿಗೆ ಎತ್ತುವ ಹಾಗಿಲ್ಲ. ಈ ಕಟ್ಟಳೆಯನ್ನು ದೇವರಿಗಿಂತ ಒಂದು ಕೈ ಹೆಚ್ಚಾಗಿಯೇ ನಂಬಿದವನು ಈರಣ್ಣ. ಹಾವೇರಿ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು, ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಕೂದಲು ನರೆಸಿಕೊಂಡು, ಈಗ ನಾಗಸಂದ್ರದ ಸ್ವಂತ ಮನೆಯಲ್ಲಿ ಉಪಕರಣಗಳ ಪೆಟ್ಟಿಗೆಯನ್ನು ಮಂಚದ ಕೆಳಗಿಟ್ಟುಕೊಂಡು ಮಲಗುವ ಮನುಷ್ಯ.

ಅಂಥವನ ಮನೆಯ ಕಾರು ಕೆಟ್ಟು ನಿಂತದ್ದು ಆಯುಧಪೂಜೆಯ ದಿನವೇ. ಕೆಡಿಸಿದ್ದೂ ಬೇರೆ ಯಾರೂ ಅಲ್ಲ, ಅವನೇ. ಬದುಕಿಡೀ ಲೇತಿನ ಮೇಲೆ ಒಂದು ಹನಿ ನೀರು ಬೀಳಗೊಡದವನು ಅಂದು ಬೆಳಿಗ್ಗೆ ಹಬ್ಬದ ಹುರುಪಿನಲ್ಲಿ ಬಾನೆಟ್ ಎತ್ತಿ, ಪೈಪು ಹಿಡಿದು, ಎಮ್ಮೆ ಮೈ ತೊಳೆದಂತೆ ಇಂಜಿನ್ನಿಗೆ ನೀರು ಹೊಡೆದಿದ್ದ. ಹಳೆಯ ಕಾರು. ನೀರು ಎಲ್ಲಿ ಹೋಗಬಾರದೋ ಅಲ್ಲಿಗೇ ಹೋಯಿತು. ಪೂಜೆ ಮುಗಿದು, ನಾಲ್ಕು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಹಾಯಿಸಲೆಂದು ಸೊಸೆ ಶೈಲಜಾ ಕೀಲಿ ತಿರುಗಿಸಿದಳು. ಒಳಗಿನಿಂದ ಒಂದು ಚೀತ್ಕಾರ ಬಂತು. ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ಕಾರು ಒಮ್ಮೆ ಮೈ ಕೊಡವಿ ನಿಂತುಬಿಟ್ಟಿತು. ನಾಲ್ಕೂ ನಿಂಬೆಹಣ್ಣು ಇಟ್ಟಲ್ಲೇ ದುಂಡಗೆ ಕೂತಿದ್ದವು.

"ಅಪಶಕುನ," ಎಂದ ಈರಣ್ಣ. "ನಾಳೆ ಹೋಗೂದು ಬ್ಯಾಡ."

ನಾಳೆ ಎಂದರೆ ಬನ್ನಿ ಹಬ್ಬ. ಹಾವೇರಿ ಕಡೆಯ ತನ್ನ ಊರಿಗೆ, ತಮ್ಮ ಮುರಿಗೆಪ್ಪನ ಮನೆಗೆ ಹೋಗಬೇಕೆಂದು ನಿಶ್ಚಯವಾಗಿತ್ತು. ಆ ಮನೆಯ ಹೊಸ್ತಿಲನ್ನು ಈರಣ್ಣ ತಾಯಿ ತೀರಿದ ದಿನದಿಂದ ತುಳಿದಿರಲಿಲ್ಲ. ಅಂದು ಸುದ್ದಿ ಕೇಳಿ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದ್ದ. ದಾರಿಯಲ್ಲಿ ಬಸ್ಸು ಕೆಟ್ಟಿತ್ತು. ಬರುತ್ತಿದ್ದೇನೆ, ಅವ್ವನ ಮುಖ ನೋಡಬೇಕು, ಕಾಯಿರಿ ಎಂದು ಫೋನಿನಲ್ಲಿ ಅಂಗಲಾಚಿದ್ದ. ಊರು ಮುಟ್ಟುವ ಹೊತ್ತಿಗೆ ಮಳೆ ಮೋಡ ಕವಿದು, ಹಿರಿಯರು ಅವಸರ ಮಾಡಿ, ಮಣ್ಣು ಮಾಡಿ ಮುಗಿದಿತ್ತು. ಹಸಿ ಮಣ್ಣಿನ ಮುಂದೆ ನಿಂತು ಅವನು ತಮ್ಮನನ್ನು ಕೇಳಿದ್ದು ಒಂದೇ ಮಾತು: "ಸ್ವಲ್ಪ ಕಾಯಾಕ ಆಗಲಿಲ್ಲೇನು?" ಮುರಿಗೆಪ್ಪನೂ ಅಂದು ಸಂಕಟದಲ್ಲಿದ್ದವನೇ. "ಬೆಂಗಳೂರಾವ್ರು ಬರೂತನಕ ಸತ್ತಾವ್ರು ಕಾಯಾಕ ಆಗೂದಿಲ್ಲ," ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಗೆ ಅಣ್ಣ-ತಮ್ಮಂದಿರ ಬಾಯಿ ಮುಚ್ಚಿದ್ದು ಮತ್ತೆ ತೆರೆದಿರಲಿಲ್ಲ. ಈ ಸಲ ಹಬ್ಬದ ಮುಂಚೆ ಮುರಿಗೆಪ್ಪ ತಾನಾಗಿ ಫೋನ್ ಮಾಡಿ, "ಅಣ್ಣಾ, ಈ ಸಲ ಬನ್ನಿಗೆ ಬಾ," ಎಂದಿದ್ದ. ಈರಣ್ಣ "ನೋಡೂಣು" ಎಂದು ಇಟ್ಟಿದ್ದ. ಬನ್ನಿ ಎಲೆ ಕೊಟ್ಟು ತಗೊಂಡು ಬಂಗಾರದಂತೆ ಇರೋಣ ಎನ್ನುವ ದಿನ ಅದು. ಅಂದು ಹಗೆ ಬಿಡದಿದ್ದರೆ ಮತ್ತೆಂದೂ ಬಿಡುವುದಿಲ್ಲ ಎಂದು ಅವನ ಕಡೆಯ ಜನ ನಂಬುತ್ತಾರೆ.

ಬಸ್ಸುಗಳೆಲ್ಲ ದಸರೆಗೆ ತುಂಬಿದ್ದವು. ಬಾಡಿಗೆ ಕಾರಿನವರೂ ಗಾಡಿಗೆ ಹಾರ ಹಾಕಿ ಕೀಲಿಯನ್ನು ದೇವರ ಮುಂದಿಟ್ಟಿದ್ದರು. ಮಗ ಸಂಗಮೇಶನಿಗೆ ಎಲೆಕ್ಟ್ರಾನಿಕ್ ಸಿಟಿಯ ಔಷಧ ಕಾರ್ಖಾನೆಯಲ್ಲಿ ಪಾಳಿ. ಅಲ್ಲಿನ ಬಾಯ್ಲರಿಗೆ ಹಬ್ಬ-ಹುಣ್ಣಿಮೆ ಇಲ್ಲ. ಹಾಗಾಗಿ ಶೈಲಜಾಳೇ ಕಾರು ಓಡಿಸಿಕೊಂಡು ಹೋಗುವುದೆಂದಾಗಿತ್ತು. ಈಗ ಕಾರೂ ಇಲ್ಲ. ಈರಣ್ಣನ ಮುಖ ಜೋಲುಬಿದ್ದಿತ್ತು ನಿಜ. ಆದರೆ ಒಳಗೆಲ್ಲೋ, ಪರೀಕ್ಷೆ ಮುಂದಕ್ಕೆ ಹೋದ ಹುಡುಗನಿಗೆ ಆಗುವಂಥ ಒಂದು ಹಗುರವೂ ಆಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ ಎಂದು ಅವನು ತಿಳಿದಿದ್ದ.

ಶೈಲಜಾ ಅಷ್ಟರಲ್ಲಿ ರೇಷ್ಮೆ ಸೀರೆ ಬಿಚ್ಚಿ ಹಳೆಯ ಚೂಡಿದಾರ ಹಾಕಿಕೊಂಡು ಬಾನೆಟ್ ಒಳಗೆ ಟಾರ್ಚ್ ಬಿಡುತ್ತಿದ್ದಳು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು, ಧಾರವಾಡದ ಹುಡುಗಿ. ಯಾವುದನ್ನೂ ಮೂಸದೆ, ತಿರುವಿ ನೋಡದೆ ಒಪ್ಪುವ ಜಾತಿಯಲ್ಲ.

"ಇಂಜಿನ್ ಕೆಟ್ಟಿಲ್ಲ ಮಾವಾರ. ನೀರು ಹೊಕ್ಕು ಎ.ಸಿ. ಕಂಪ್ರೆಸರಿನ ಪುಲ್ಲಿ ಬಿಗಿ ಹಿಡಕೊಂಡೈತಿ, ತಿರುಗವಲ್ದು."

ಈರಣ್ಣ ಬಗ್ಗಿ ನೋಡಿದ. ಹೌದು. ಒಂದೇ ಬೆಲ್ಟು ಬ್ಯಾಟರಿಗೆ ಕರೆಂಟು ಕೊಡುವ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ಈ ಕಂಪ್ರೆಸರನ್ನೂ ತಿರುಗಿಸುತ್ತಿತ್ತು. ಜೋಡೆತ್ತಿನಲ್ಲಿ ಒಂದು ಮಲಗಿದರೆ ಗಾಡಿಯೇ ನಿಂತಂತೆ ಎಲ್ಲವೂ ನಿಂತಿತ್ತು. ಆ ಎ.ಸಿ. ತಂಪು ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗ್ಯಾಸೆಲ್ಲ ಸೋರಿಹೋಗಿದೆ, ಪೂರ್ತಿ ಹೊಸದೇ ಹಾಕಬೇಕು ಎಂದು ಬೇಸಿಗೆಯಲ್ಲಿ ಗ್ಯಾರೇಜಿನವನು ಹೇಳಿದ್ದ. ಕಾರಿಗಿಂತ ಎ.ಸಿ.ಯೇ ದುಬಾರಿಯಾಗುತ್ತದೆಂದು ಇವರು ಸುಮ್ಮನಿದ್ದರು.

"ಕೆಲಸಾ ಮಾಡದ್ದನ್ನ ಹೊತ್ಕೊಂಡು ತಿರಗಾಕ ಹತ್ತೇವಿ. ತಗದ ಬಿಡೂಣು," ಎಂದಳು ಶೈಲಜಾ.

"ಯಾವಾಗ?"

"ಈಗ. ನಿಮ್ಮ ಹತ್ಯಾರ ಕೊಡ್ರಿ."

ಈರಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. ಹತ್ಯಾರಗಳು ದೇವರ ಮನೆಯಲ್ಲಿ ಸಾಲಾಗಿ, ಒಂದೊಂದಕ್ಕೂ ವಿಭೂತಿ-ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಕೆಳಗೆ ಮಲಗಿದ್ದವು. "ಖಂಡೆ ಪೂಜಿ ದಿನ ಹತ್ಯಾರ ಮುಟ್ಟೂ ಹಂಗಿಲ್ಲ," ಎಂದ. "ನನ್ನ ಸರ್ವಿಸಿನಾಗ ಒಂದ್ ದಿನಾನೂ ಮುಟ್ಟಿಲ್ಲ. ಮಾಲಕರು ಬಂದು ಕೇಳಿದಾಗೂ ಮುಟ್ಟಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸಿದ್ದಮ್ಮ ಆಗ ಬಾಯಿ ತೆರೆದಳು. ಅವಳು ಬಾಯಿ ತೆರೆಯುವುದು ಅಪರೂಪ. ತೆರೆದರೆ ಮುಚ್ಚುವ ಹೊತ್ತಿಗೆ ಎದುರಿನವರಿಗೆ ಹೇಳಲು ಏನೂ ಉಳಿದಿರುವುದಿಲ್ಲ.

"ಏನ್ರಿ, ಮುಂಜಾನಿ ನಾನೂ ಈಳಿಗಿಗೆ ಕುಂಕುಮ ಹಚ್ಚೇನಿ, ಲಟ್ಟಣಿಗಿಗೆ ಹಚ್ಚೇನಿ, ಮಿಕ್ಸರಿಗೆ ಹೂವಾ ಏರಿಸೇನಿ. ಆಮ್ಯಾಲ ಹೋಳಿಗಿ ಯಾತರಿಂದ ಮಾಡೇನಿ? ಬದನಿಕಾಯಿ ಹಲ್ಲಿಲೆ ಹೆಚ್ಚೇನೇನು? ಈ ಮನಿಗೆ ಬಂದಾಗಿಂದ ಒಂದ್ ಖಂಡೆ ಪೂಜಿಗೂ ನನ್ನ ಹತ್ಯಾರಕ್ಕ ಸೂಟಿ ಸಿಕ್ಕಿಲ್ಲ. ದೇವರು ಸಿಟ್ಟಾಗ್ಯಾನೇನು? ಚಪ್ಪರಿಸಿ ಚಪ್ಪರಿಸಿ ತಿಂದ್ರಲ್ಲ!"

ಇಷ್ಟು ವರ್ಷ ಪೀಣ್ಯದ ಲೇತುಗಳೆಲ್ಲ ಮಲಗಿದ್ದ ದಿನ ತನ್ನ ಮನೆಯ ಒಲೆ ಮಾತ್ರ ಎರಡರಷ್ಟು ಉರಿದದ್ದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಅವನು ದೇವರ ಮನೆಗೆ ಹೋದ. ಸ್ಪ್ಯಾನರುಗಳ ಮೇಲಿನ ಹೂವನ್ನು ಒಂದೊಂದಾಗಿ ಸರಿಸಿದ, ಕಣ್ಣಿಗೊತ್ತಿಕೊಂಡ, ಪೆಟ್ಟಿಗೆ ತಂದು ಸೊಸೆಯ ಕಾಲ ಬಳಿ ಇಟ್ಟ. ಕೊಡುವುದೇನೋ ಕೊಟ್ಟೆ, ಇವಳು ಅರ್ಧದಲ್ಲಿ ಕೈಬಿಡುತ್ತಾಳೆ ಎಂಬ ಧೈರ್ಯ ಅವನಿಗಿತ್ತು.

ಆ ಧೈರ್ಯ ಬೇಗನೇ ಅಲುಗಾಡತೊಡಗಿತು. ಏಕೆಂದರೆ ಶೈಲಜಾ ಒಂದು ಬೋಲ್ಟನ್ನೂ ಮುಟ್ಟದೆ ಮೊದಲು ಕೇಳಿದ್ದು ಬೆಲ್ಟಿನ ಸಂಗತಿ. ಕಂಪ್ರೆಸರ್ ತೆಗೆದರೆ ಈಗಿನ ಬೆಲ್ಟು ಉದ್ದವಾಗುತ್ತದೆ, ಸಡಿಲ ಬೀಳುತ್ತದೆ. ಇದೇ ಕಾರಿನ ಎ.ಸಿ. ಇಲ್ಲದ ಮಾದರಿಯೂ ಬರುತ್ತಿತ್ತಲ್ಲ, ಅದರ ಗಿಡ್ಡ ಬೆಲ್ಟು ಬೇಕು. ಅದು ಸಿಗುವುದಾದರೆ ಮಾತ್ರ ಬಿಚ್ಚುವುದು. ಈರಣ್ಣ ತನ್ನ ಕಾಲದಲ್ಲಿ ಎಂಥೆಂಥ ಶೂರರನ್ನು ಕಂಡಿದ್ದ! ಎಲ್ಲ ಬಿಚ್ಚಿ ಹರವಿ, ಆಮೇಲೆ ನಡುವೆ ಕೂತು ತಲೆ ಕೆರೆದುಕೊಳ್ಳುವವರು. ಬಿಚ್ಚುವ ಮುನ್ನ ಮುಚ್ಚುವುದನ್ನು ಯೋಚಿಸಿದ ಹುಡುಗಿ ಇವಳೇ ಮೊದಲು ಎನಿಸಿತು.

ಇಬ್ಬರೂ ನಡೆದೇ ನರಸಪ್ಪನ ಬಿಡಿಭಾಗಗಳ ಅಂಗಡಿಗೆ ಹೋದರು. ನರಸಪ್ಪ ನಾಗಸಂದ್ರದ ಮೂಲದವನು. ಅವನ ತಂದೆ ರಾಗಿ ಬೆಳೆದ ಹೊಲದ ಮೇಲೇ ಈಗ ಆ ಅಂಗಡಿ ಸಾಲು ನಿಂತಿದೆ. ಬಾಗಿಲು ತೆರೆದಿತ್ತು, ಒಳಗೆ ಧೂಪದ ಹೊಗೆ.

"ಬನ್ನಿ ಬನ್ನಿ ಈರಣ್ಣೋರೆ, ಪುರಿ ತಗಳಿ, ಸ್ವೀಟ್ ತಗಳಿ. ಬೆಲ್ಟ್ ಮಾತ್ರ ಕೇಳ್ಬೇಡಿ. ಗಲ್ಲಾಪೆಟ್ಗೆ ಪೂಜೆ ಆಗೈತೆ, ಇವತ್ತು ಯಾಪಾರ ಮಾಡಾಂಗಿಲ್ಲ."

ನೋಡಿದೆಯಾ ಎಂಬಂತೆ ಈರಣ್ಣ ಸೊಸೆಯ ಕಡೆ ತಿರುಗಿದ. ಶೈಲಜಾ ನಗುತ್ತ ಬೆಂಗಳೂರು ಮಾತಿಗೆ ಇಳಿದಳು. "ವ್ಯಾಪಾರ ಬೇಡ ಅಣ್ಣ. ಪ್ರಸಾದ ಕೊಡ್ತಿದ್ದೀರಲ್ಲ, ಅದರ ಜೊತೆ ಬೆಲ್ಟೂ ಕೊಟ್ಬಿಡಿ. ದುಡ್ಡಿನ ಮಾತು ಹಬ್ಬ ಮುಗಿದ್ಮೇಲೆ. ನಾಳೆ ಇವರು ತಮ್ಮನ್ನ ನೋಡ್ಲೇಬೇಕು, ಮಾತು ಬಿಟ್ಟು ವರ್ಷಗಳಾಗಿದೆ."

ನರಸಪ್ಪ ಈರಣ್ಣನ ಮುಖವನ್ನು ಒಂದು ಗಳಿಗೆ ನೋಡಿದ. ಮತ್ತೇನೂ ಕೇಳದೆ ಏಣಿ ಹತ್ತಿ, ಮೇಲಿನ ಅಟ್ಟದಿಂದ ಬೆಲ್ಟು ತೆಗೆದು, ಕವರಿನಲ್ಲಿ ಹಾಕಿ, ಅದರ ಮೇಲೆ ಎರಡು ಬೊಗಸೆ ಕಡ್ಲೆಪುರಿ ಸುರಿದ. "ಇದು ಯಾಪಾರ ಅಲ್ಲ ಕಣಮ್ಮ. ತಾಯಿ ಪ್ರಸಾದ. ಓಗಿ ಬನ್ನಿ," ಎಂದ.

ಮನೆಗೆ ಬಂದು ಶೈಲಜಾ ಕೆಲಸಕ್ಕಿಳಿದಳು. ಮೊದಲು ಬ್ಯಾಟರಿಯ ತಂತಿ ಕಳಚಿದಳು. ಪ್ರತಿ ಭಾಗ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಳು. ಸಿದ್ದಮ್ಮನ ಪಡ್ಡಿನ ಹಂಚನ್ನು ಕೇಳದೆಯೇ ಎತ್ತಿಕೊಂಡು ಬಂದು, ಬಿಚ್ಚಿದ ಬೋಲ್ಟುಗಳನ್ನು ಅದರ ಗುಳಿಗಳಲ್ಲಿ ಸುತ್ತ ಕ್ರಮವಾಗಿ ಇಟ್ಟಳು. "ಯವ್ವಾ, ನನ್ನ ಹಂಚು!" ಎಂದು ಸಿದ್ದಮ್ಮ ಕೂಗಿದ್ದು ವ್ಯರ್ಥವಾಯಿತು. ಈರಣ್ಣ ಮಾತ್ರ ಆ ಹಂಚನ್ನೇ ನೋಡುತ್ತ ನಿಂತ. ಬೋಲ್ಟು ಕಳೆಯದಿರಲಿ ಎಂದು ಕಾರ್ಖಾನೆಯಲ್ಲಿ ಎಷ್ಟು ಡಬ್ಬಿ, ಎಷ್ಟು ಚೀಟಿ, ಎಷ್ಟು ಬೈಗುಳ! ಪಡ್ಡಿನ ಹಂಚು ಯಾರ ತಲೆಗೂ ಹೋಗಿರಲಿಲ್ಲ. ಅವನಿಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ, ಹೆಮ್ಮೆಯಾಯಿತು.

ಗ್ಯಾಸಿನ ಕೊಳವೆಯ ಹತ್ತಿರ ಬಂದಾಗ ಅವಳು ನಿಂತಳು. ಕಾಲೇಜಿನ ಪ್ರಯೋಗಾಲಯದ ಕನ್ನಡಕ ಹಾಕಿಕೊಂಡು, ಕೈಗವಸು ತೊಟ್ಟು, ಮಾವನನ್ನು ದೂರ ನಿಲ್ಲಿಸಿದಳು. "ಒಳಗ ಗ್ಯಾಸ್ ಇದ್ರ ಬಿಚ್ಚೂದಿಲ್ಲ ಮಾವಾರ. ಚರ್ಮ ಸುಡ್ತೈತಿ, ಕಣ್ಣು ಹೋಗ್ತಾವು, ಗಾಳಿಗೆ ಬಿಡೂದೂ ತಪ್ಪು. ಮಷಿನ್ನಿಂದನ ತಗೀಬೇಕು. ಇದ್ರ ಇಲ್ಲಿಗೇ ಕೈಬಿಡೂಣು." ಕವಾಟದ ಮೂತಿಯ ಸಣ್ಣ ಕಡ್ಡಿಯನ್ನು ಮೆಲ್ಲಗೆ ಒತ್ತಿದಳು. ಇರಲಿ ಎಂದು ಒಂದು ಮನಸ್ಸು, ಇರದಿರಲಿ ಎಂದು ಇನ್ನೊಂದು ಮನಸ್ಸು ಈರಣ್ಣನಲ್ಲಿ ಹಗ್ಗ ಜಗ್ಗಿದವು. ಸದ್ದೇ ಬರಲಿಲ್ಲ. ಗ್ಯಾರೇಜಿನವನು ಹೇಳಿದ್ದು ನಿಜ, ಒಳಗೆ ಏನೂ ಉಳಿದಿರಲಿಲ್ಲ. ಅವಳು ಕೊಳವೆಗಳನ್ನು ಕಳಚಿ, ತೆರೆದ ಬಾಯಿಗಳಿಗೆ ಪ್ಲಾಸ್ಟಿಕ್ ಸುತ್ತಿ ಟೇಪು ಹಚ್ಚಿದಳು. ಕಂಪ್ರೆಸರಿನ ಬೋಲ್ಟುಗಳು ಒಂದರ ಹಿಂದೊಂದು ಬಂದವು.

ಕೊನೆಯದು ಬರಲಿಲ್ಲ. ತಳದಲ್ಲಿ, ಕೈ ಹೋಗದ ಜಾಗದಲ್ಲಿ, ತುಕ್ಕು ಹಿಡಿದು ಕೂತಿತ್ತು. ಅವಳು ನೆಲದ ಮೇಲೆ ಚಾಪೆ ಹಾಸಿ, ಜಾಕಿನ ಜೊತೆಗೆ ಗಾಲಿಯ ಬಳಿ ಕಲ್ಲುಗಳನ್ನೂ ಕೊಟ್ಟು ಭದ್ರ ಮಾಡಿ, ಪಕ್ಕದಿಂದ ಕೈ ತೂರಿಸಿ ಎಳೆದಳು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದಳು. ಮತ್ತೆ ಎಳೆದಳು. ಬೋಲ್ಟು ಕದಲಲಿಲ್ಲ. ಬಿಸಿಲು ಗೋಡೆ ಹತ್ತತೊಡಗಿತ್ತು.

"ಸಾಕ ಬಿಡು ಶೈಲವ್ವ," ಎಂದ ಈರಣ್ಣ. "ಹಟಾ ಮಾಡಬಾರದು. ತಲಿ ಮುರದರ ಇನ್ನೂ ಕಷ್ಟ."

ಅವಳು ಚಾಪೆಯ ಮೇಲೆ ಹಾಗೇ ಒರಗಿಕೊಂಡು, ಅವನ ಕಡೆ ತಿರುಗದೆ ಕೇಳಿದಳು. "ಮಾವಾರ, ಸಿಟ್ಟಾಗಬ್ಯಾಡ್ರಿ. ಈ ಬೋಲ್ಟು ಬರಬಾರದು ಅಂತ ಮನಸ್ಸಿನಾಗ ಬೇಡ್ಕೊಳ್ಳಾಕ ಹತ್ತೀರಿ, ಹೌದಿಲ್ಲೊ?"

ಓಣಿಯಲ್ಲಿ ಯಾರೋ ಕುಂಬಳಕಾಯಿ ಒಡೆದ ಸದ್ದು ಕೇಳಿತು. ಈರಣ್ಣನಿಗೆ ಗದರಬೇಕೆನಿಸಿತು. ಆದರೆ ನೆಲದ ಮೇಲೆ ಎಣ್ಣೆ ಮೆತ್ತಿಕೊಂಡು ಬಿದ್ದಿರುವ, ಗೆಣ್ಣು ತರಚಿಕೊಂಡಿರುವ ಈ ಹೆಣ್ಣುಮಗಳ ಮುಂದೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಹೌದವ್ವ," ಎಂದ. "ನನಗ ಅಂಜಿಕಿ ಆಗೈತಿ. ಹ್ವಾದ ಮ್ಯಾಲ ಅಂವಾ ಮತ್ತೊಂದ್ ಮಾತ ಅಂದ್ರ ನನಗ ತಾಳೂದಿಲ್ಲ. ಇಲ್ಲೇ ಇದ್ರ, ಕರದಾನ ಅನ್ನೂ ಸುಖಾನರ ಇರ್ತೈತಿ."

ಶೈಲಜಾ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿದಳು. "ಸ್ಪ್ಯಾನರ್ ಜಾರಾಕ ಹತ್ತೈತಿ ಮಾವಾರ. ನೀವು ತಲಿ ಒತ್ತಿ ಹಿಡೀರಿ, ನಾ ಪೈಪ್ ಹಾಕಿ ಜಗ್ಗತೇನಿ."

ಈರಣ್ಣ ಮಂಡಿ ಹಿಡಿದುಕೊಂಡು, ನರಳುತ್ತ, ನೆಲಕ್ಕಿಳಿದ. ಸ್ಪ್ಯಾನರಿನ ತಲೆಯನ್ನು ಬೋಲ್ಟಿನ ಮೇಲೆ ಕೂರಿಸಿ ಎರಡೂ ಕೈಯಿಂದ ಒತ್ತಿ ಹಿಡಿದ. ಅವಳು ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು ಎಳೆದಳು. "ಜರ್ಕ್ ಹೊಡೀಬ್ಯಾಡ, ಸಾವಕಾಶ, ಹಂಗ, ಬಿಡಬ್ಯಾಡ," ಎನ್ನುತ್ತ ಈರಣ್ಣನಿಗೆ ತಾನು ಬೇಡಿಕೊಳ್ಳುತ್ತಿರುವುದು ಬೋಲ್ಟು ಬರಲೆಂದು ಎಂಬುದು ಅರಿವಿಗೆ ಬಂತು. ಟಕ್ ಎಂದು ಒಂದು ಸದ್ದಾಯಿತು. ಮುರಿದೇ ಹೋಯಿತೆಂದು ಈರಣ್ಣ ಕಣ್ಣು ಮುಚ್ಚಿದ. ಮುರಿದಿರಲಿಲ್ಲ, ಬಿಟ್ಟಿತ್ತು.

ಕಂಪ್ರೆಸರ್ ಕೆಳಗಿಳಿದಾಗ ಇಬ್ಬರೂ ಸೇರಿ ಅದನ್ನು ಎತ್ತಿ ಜಗಲಿಗೆ ಇಟ್ಟರು. ಶೈಲಜಾ ಅಲ್ಲಿಗೆ ಮುಗಿಸಬಹುದಿತ್ತು. ಮುಂದಿನ ಜಾಲರಿಯನ್ನೂ ಬಿಚ್ಚಿ, ರೇಡಿಯೇಟರಿಗೆ ಅಡ್ಡವಾಗಿದ್ದ ಎ.ಸಿ.ಯ ಕಂಡೆನ್ಸರ್ ತಟ್ಟೆಯನ್ನೂ ಹೊರಗೆಳೆದಳು. ಧೂಳು, ಪತಂಗ, ಯಾವುದೋ ಹಕ್ಕಿಯ ಗರಿ ಸೇರಿ ಅದು ಗೋಡೆಯಾಗಿತ್ತು. ದೂರದ ದಾರಿಯಲ್ಲಿ ಇಂಜಿನ್ನಿಗೆ ಗಾಳಿ ಬೇಕಲ್ಲ ಎಂದಳು. ಡ್ಯಾಶ್‌ಬೋರ್ಡಿನ ಒಳಗಿನ ಭಾಗದ ಮುಂದೆ ಮಾತ್ರ ಕೈ ಕಟ್ಟಿ ನಿಂತಳು. "ಅದನ್ನ ಈಗ ಮುಟ್ಟಿದ್ರ ನಾಳೆ ಹೋಗೂದು ಆಗೂದಿಲ್ಲ. ಅದು ಇರಲಿ." ಎಲ್ಲಿ ಶುರು ಮಾಡಬೇಕೆಂದು ಬಲ್ಲವರು ಬೇಕಾದಷ್ಟು ಸಿಗುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಬಲ್ಲವಳನ್ನು ಕಂಡು ಈರಣ್ಣನಿಗೆ, ಇವಳು ನನ್ನ ಟೂಲ್‌ರೂಮಿನಲ್ಲಿ ಇರಬೇಕಿತ್ತು ಎನಿಸಿತು. ಅನಿಸಿದ್ದನ್ನು ಬಾಯಿಬಿಟ್ಟೇ ಹೇಳಿದ. ಸಿದ್ದಮ್ಮ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಯಾರನ್ನಾದರೂ ಹೊಗಳಿದ್ದನ್ನು ಅವಳು ಕೇಳಿದ್ದು ಕಡಿಮೆ.

ಗಿಡ್ಡ ಬೆಲ್ಟು ಅಳತೆ ಮಾಡಿಸಿದಂತೆ ಕೂತಿತು. ಅದರ ಬಿಗಿಯನ್ನು ಈರಣ್ಣ ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದ. ಪಡ್ಡಿನ ಹಂಚಿನ ಗುಳಿಗಳಲ್ಲಿ ಎ.ಸಿ.ಯ ಬೋಲ್ಟುಗಳಷ್ಟೇ ಉಳಿದಿದ್ದವು. ಕೀಲಿ ತಿರುಗಿತು, ಕಾರು ಚೀರಲಿಲ್ಲ. ನಾಲ್ಕು ನಿಂಬೆಹಣ್ಣುಗಳು ಚಟಚಟನೆ ಒಡೆದವು.

ಮಗನ ಊಟಕ್ಕೆಂದು ಸಿದ್ದಮ್ಮ ಮನೆಯಲ್ಲೇ ಉಳಿದಳು. ಮರುದಿನ ನಸುಕಿನಲ್ಲೇ ಮಾವ-ಸೊಸೆ ಹೊರಟರೂ ದಾರಿ ಸುಲಭವಾಗಲಿಲ್ಲ. ತುಮಕೂರು ರಸ್ತೆಯಲ್ಲಿ ಅರ್ಧ ಬೆಂಗಳೂರೇ ಊರಿಗೆ ಹೊರಟಿತ್ತು. ಶಿರಾದ ಹತ್ತಿರ ಅಪಘಾತವಾಗಿ ವಾಹನಗಳು ಬಹಳ ಹೊತ್ತು ನಿಂತಿದ್ದವು. ಚಿತ್ರದುರ್ಗ ದಾಟಿದ ಮೇಲೆ ಹೊಸ ಬೆಲ್ಟು ಕೊಂಚ ಹಿಗ್ಗಿ ಕಿರುಗುಟ್ಟಿತು. ಶೈಲಜಾ ಬೇವಿನ ಮರದ ನೆರಳಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಮತ್ತೆ ಬಿಗಿ ಮಾಡಿದಳು. ಕಿಟಕಿಗಳಿಂದ ಒಲೆಯ ಮುಂದಿನ ಗಾಳಿ ನುಗ್ಗುತ್ತಿತ್ತು. ಹೊತ್ತು ಇಳಿಯತೊಡಗಿದಾಗ ಊರು ಇನ್ನೂ ದೂರವಿತ್ತು. ಬನ್ನಿ ಕೊಡುವ ಹೊತ್ತು ಮೀರುತ್ತಿತ್ತು.

"ಮುರಿಗೆಪ್ಪ ಕಾಕಾರಿಗೆ ಫೋನ್ ಮಾಡಲ್ರಿ? ತಡಾ ಆಗ್ತೈತಿ, ಕಾಯ್ರಿ ಅಂತ," ಎಂದಳು ಶೈಲಜಾ.

"ಬ್ಯಾಡ," ಎಂದ ಈರಣ್ಣ. "ಒಮ್ಮೆ ಕಾಯ್ರಿ ಅಂತ ಕೇಳೇನಿ. ಮತ್ತ ಕೇಳೂದಿಲ್ಲ."

ಅವಳು ಫೋನನ್ನು ಕೆಳಗಿಟ್ಟು ಕಾರು ಓಡಿಸಿದಳು.

ಊರು ಮುಟ್ಟಿದಾಗ ಬೀದಿದೀಪ ಹತ್ತಿದ್ದವು. ಹೊಸ ಬಟ್ಟೆ ಉಟ್ಟ ಜನ ಮನೆಯಿಂದ ಮನೆಗೆ ಹೋಗಿ ಬನ್ನಿ ಕೊಟ್ಟು, ಹಿರಿಯರ ಕಾಲು ಮುಟ್ಟಿ, ಆಗಲೇ ತಿರುಗುತ್ತಿದ್ದರು. ಮುಗಿದುಹೋಯಿತು ಎಂದುಕೊಂಡ ಈರಣ್ಣ. ಅಂದಿನ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದಂತಾಯಿತು.

ಮುರಿಗೆಪ್ಪ ಮನೆಯ ಮುಂದೆ ರಸ್ತೆಯಲ್ಲೇ ನಿಂತಿದ್ದ. ಬಹಳ ಮುದುಕನಾಗಿದ್ದ. ಅವನ ಹಿಂದೆ ಕಟ್ಟೆಯ ಮೇಲೆ ಮಕ್ಕಳು ಮೊಮ್ಮಕ್ಕಳು ಹಸಿದ ಮುಖ ಮಾಡಿಕೊಂಡು ಕೂತಿದ್ದರು. ನಡುವೆ ಒಂದು ತಾಟಿನಲ್ಲಿ ಬನ್ನಿ ಎಲೆಯ ಗುಡ್ಡೆ. ಒಂದು ಎಲೆಯೂ ಕದಲಿರಲಿಲ್ಲ.

ಈರಣ್ಣ ಇಳಿದ. "ಹೊತ್ತಾತು," ಎಂದ.

"ಆಗ್ಲಿ ಅಣ್ಣಾ," ಎಂದ ಮುರಿಗೆಪ್ಪ. "ಕಾಯ್ದೇವಿ. ಈ ಮನ್ಯಾಗ ಯಾರೂ ಇನ್ನೂ ಬನ್ನಿ ಮುಟ್ಟಿಲ್ಲ. ನಾಳೆ ಬಂದಿದ್ರೂ ಕಾಯ್ತಿದ್ವಿ."

ಕಾಲಿಗೆ ಬಗ್ಗಹೋದ ತಮ್ಮನನ್ನು ಈರಣ್ಣ ಅರ್ಧದಲ್ಲೇ ಹಿಡಿದೆತ್ತಿದ. ಇಬ್ಬರು ಮುದುಕರು ನಡುರಸ್ತೆಯಲ್ಲಿ ಮಕ್ಕಳಂತೆ ಅತ್ತರು. ಆಮೇಲೆ ಮುರಿಗೆಪ್ಪ ಹೆಗಲ ಮೇಲಿನ ಟವೆಲಿನಿಂದ ಅಣ್ಣನ ಕುತ್ತಿಗೆ ಒರೆಸುತ್ತ, "ಎಷ್ಟು ಬೆವತಿ ಮಾರಾಯಾ! ಕಾರಿನ್ಯಾಗ ಎ.ಸಿ. ಇಲ್ಲೇನು?" ಎಂದು ಕೇಳಿದ.

"ಇತ್ತು. ನಿನ್ನ ಸಲುವಾಗಿ ಬಿಚ್ಚಿ ಇಟ್ಟು ಬಂದ್ವಿ," ಎಂದ ಈರಣ್ಣ.

ಮುರಿಗೆಪ್ಪನಿಗೆ ಅರ್ಥವಾಗಲಿಲ್ಲ. ತಾಟಿನಿಂದ ಬನ್ನಿ ತೆಗೆದು ಹಿರಿಯನಾದ ಅಣ್ಣನ ಕೈಗೆ ಕೊಟ್ಟ. ಈರಣ್ಣ ಅದನ್ನು ಕಣ್ಣಿಗೊತ್ತಿಕೊಂಡು, ತಾನೂ ಒಂದು ಹಿಡಿ ತೆಗೆದು, ತಮ್ಮನಿಗೆ ಕೊಡುವ ಮೊದಲು ಹಿಂದೆ ತಿರುಗಿದ. ಶೈಲಜಾ ಕಾರಿನ ಬಾಗಿಲಿಗೆ ಒರಗಿ, ಉಗುರಿನ ಸಂದಿಯ ಕಪ್ಪು ಎಣ್ಣೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ ನಿಂತಿದ್ದಳು. "ಮೊದಲ ಇಕಿಗೆ," ಎಂದು ಈರಣ್ಣ ಮುಚ್ಚಿದ ಆ ಕೈಯನ್ನು ಬಿಡಿಸಿ, ಎಲೆಗಳನ್ನು ಅದರಲ್ಲಿಟ್ಟ.